ಹನ್ನೊಂದು ಅಡಿಯ ಘಾಟಿ

(ಸಂಘದ ಸದಸ್ಯರ ಗೋಷ್ಠಿಯಲ್ಲಿ ‘ನನ್ನ ಹವ್ಯಾಸ’ ಎಂಬ ವಿಷಯವಾಗಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನನಗಿಂತ ಮುಂಚೆ ನಿಂತವರು ವೀಣೆಯನ್ನು ಕುರಿತು, ತೋಟಗಾರಿಕೆಯನ್ನು ಕುರಿತು, ಹಳೆಯ ನಾಣ್ಯಗಳನ್ನು ಕುರಿತು ಮಾತನಾಡಿದರು. ಅವೆಲ್ಲ ನಾಲ್ಕು ಜನರ ಎದುರಿಗೆ ಹೇಳಿಕೊಳ್ಳಬಹುದಾದ ಹವ್ಯಾಸಗಳು. ನನ್ನದು ಆಟದ ರೈಲು. ಮೂವತ್ತೈದು ದಾಟಿದ, ಮೀಸೆ ಹೊತ್ತ, ಬ್ಯಾಂಕಿನಲ್ಲಿ ಹತ್ತರಿಂದ ಐದರವರೆಗೆ ಇನ್ನೊಬ್ಬರ ಹಣ ಎಣಿಸುವ ಗುಮಾಸ್ತನೊಬ್ಬ ಮನೆಗೆ ಹೋಗಿ ಆಟದ ರೈಲು ಬಿಡುತ್ತಾನೆ ಎಂದರೆ ಕೇಳಿದವರು ಮೊದಲು ಅವನ ಮುಖವನ್ನೂ ಆಮೇಲೆ ಅವನ ಹೆಂಡತಿಯ ಮುಖವನ್ನೂ ನೋಡುತ್ತಾರೆ. ಇವತ್ತೂ ಹಾಗೆಯೇ ಆಯಿತು, ನಾನು ಕಂಡೆ.

ಈ ಕಸುಬಿನಲ್ಲಿ ಹಳಿ, ನಿಲ್ದಾಣ, ಗುಡ್ಡ, ಸೇತುವೆ ಎಲ್ಲವನ್ನೂ ಸೇರಿಸಿ ಹಲಗೆಯ ಮೇಲೆ ಕಟ್ಟಿದ ಪುಟ್ಟ ಪ್ರಪಂಚಕ್ಕೆ ಲೇಔಟ್ ಎಂದು ಹೆಸರು. ಇದರಿಂದ ನನಗೊಂದು ಪೇಚು ಬಂದಿದೆ. ಕಳೆದ ವರ್ಷ ನಮ್ಮ ಸಂಘದ ಹಿರಿಯರೊಬ್ಬರ ಎದುರಿಗೆ ‘ನನ್ನದೂ ಒಂದು ಲೇಔಟ್ ಇದೆ’ ಎಂದುಬಿಟ್ಟೆ. ಅವರು ಬೆಂಗಳೂರಿನವರು. ಕಣ್ಣರಳಿಸಿ ‘ಭೇಷ್! ಯಾವ ಕಡೆ? ಮೂವತ್ತು ನಲವತ್ತೋ?’ ಎಂದರು. ‘ಇಲ್ಲ ಸಾರ್, ಹನ್ನೊಂದಕ್ಕೆ ಎರಡು’ ಎಂದೆ. ‘ಅಷ್ಟರಲ್ಲಿ ಮನೆ ಹೇಗಪ್ಪ ಕಟ್ಟುತ್ತೀಯ?’ ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಮನೆಯಲ್ಲ, ಸಕಲೇಶಪುರದ ಘಾಟಿ ಕಟ್ಟಿದ್ದೇನೆ ಎಂದು ವಿವರಿಸುವ ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಅಂದು ಅರ್ಧಕ್ಕೆ ನಿಂತ ಮಾತನ್ನು ಇವತ್ತು ಪೂರ್ತಿ ಮಾಡುತ್ತೇನೆ.

ಈ ಹುಚ್ಚು ಹಿಡಿದದ್ದು ದೆಹಲಿಗೆ ಬಂದ ಮೇಲೆ. ಹೊಸತಾಗಿ ಬಂದವನಿಗೆ ಇಲ್ಲಿಯ ಭಾನುವಾರ ಬಹಳ ಉದ್ದ. ಒಂದು ಭಾನುವಾರ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿಗೆ ಹೋದೆ. ಅದು 1977ರ ಫೆಬ್ರವರಿ 1ರಂದು ತೆರೆದದ್ದು. ಪಟಿಯಾಲಾ ಸಂಸ್ಥಾನದ ಒಂಟಿ ಹಳಿಯ ಗಾಡಿಯನ್ನು ನೋಡಿ ಬೆರಗಾಗಿ ಮುಂದೆ ಹೋದರೆ ಮೈಸೂರು ಮಹಾರಾಜರ ಸಲೂನು ನಿಂತಿದೆ, 1899ರದು. ಊರು ಬಿಟ್ಟು ಎರಡು ತಿಂಗಳಾದವನಿಗೆ ‘ಮೈಸೂರು’ ಎಂಬ ಮೂರಕ್ಷರ ಕಂಡರೂ ಸಾಕಲ್ಲ! ಮಹಾರಾಣಿಯವರ ಸಲೂನು ಇರುವುದು ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ. ರಾಜರು ದೆಹಲಿಯಲ್ಲಿ, ರಾಣಿಯವರು ಮೈಸೂರಿನಲ್ಲಿ. ವರ್ಗಾವಣೆಯ ಕಷ್ಟ ನಮ್ಮಂಥವರಿಗೆ ಮಾತ್ರವಲ್ಲ ಎಂದು ಸಮಾಧಾನ ತಂದುಕೊಂಡೆ. ಒಳಗಿನ ಸಾಲೆಯಲ್ಲಿ ಗಾಜಿನ ಹಿಂದೆ ಪುಟ್ಟ ಎಂಜಿನ್ನುಗಳ ಮಾದರಿಗಳಿದ್ದವು. ಅವುಗಳ ಎದುರು ಎಷ್ಟು ಹೊತ್ತು ನಿಂತೆನೋ ತಿಳಿಯದು. ಕಾವಲುಗಾರ ಬಂದು ‘ಬಾಬೂಜಿ, ಬಂದ್ ಕರ್‌ನಾ ಹೈ’ ಎಂದ.

ಆಮೇಲೆ ರಜೆ ಹಾಕಿ ಪುಣೆಗೆ ಹೋಗಿ ಕೋಥರೂಡಿನಲ್ಲಿರುವ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ನೋಡಿ ಬಂದೆ. ಭಾವುಸಾಹೇಬ್ ಜೋಶಿಯವರ ಹವ್ಯಾಸ ಬೆಳೆದು 1998ರ ಏಪ್ರಿಲ್ 1ರಂದು ಸಾರ್ವಜನಿಕರಿಗೆ ತೆರೆದ ಜಾಗ ಅದು. ಒಬ್ಬ ಗೃಹಸ್ಥನ ಆಸೆ ಒಂದು ಊರಿನ ಹೆಮ್ಮೆಯಾಗಬಹುದು ಎಂದು ಅಲ್ಲಿ ಕಣ್ಣಾರೆ ಕಂಡೆ. ಆದರೆ ಅಲ್ಲಿ ನನ್ನ ಕಣ್ಣಿಗೆ ಕಂಡದ್ದು ಹೆಚ್ಚಾಗಿ ಪರದೇಶದ ಚಹರೆ. ಅಡಕೆ ಮರ ಎಲ್ಲಿ, ಕೆಮ್ಮಣ್ಣು ಎಲ್ಲಿ ಎಂದು ಮನಸ್ಸು ಹುಡುಕುತ್ತಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಬಿ.ಕಾಂ. ಓದಿದವನ ಭಾಷಣದಲ್ಲಿ ಅಷ್ಟನ್ನು ತಾವು ಸಹಿಸಬೇಕು.

ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು 1891ರಲ್ಲಿ ಆಟದ ರೈಲಿನ ಹಳಿಗೆ ಗೊತ್ತಾದ ಅಗಲಗಳನ್ನು ನಿಶ್ಚಯಿಸಿದರು. ಅಲ್ಲಿಂದ ಮುಂದೆ ಒಬ್ಬರ ಹಳಿಯ ಮೇಲೆ ಇನ್ನೊಬ್ಬರ ಗಾಡಿ ಓಡುವ ಅನುಕೂಲವಾಯಿತು. ಇಂದು ಜಗತ್ತಿನಲ್ಲಿ ಬಹಳ ಜನ ಬಳಸುವ ಅಳತೆಗೆ ಎಚ್‌ಓ ಎಂದು ಹೆಸರು. ಓ ಎಂಬುದು ಸೊನ್ನೆ, ಎಚ್ ಎಂದರೆ ಅರ್ಧ. ಅರ್ಧ ಸೊನ್ನೆ! ನಮ್ಮ ಲೆಡ್ಜರಿನಲ್ಲಿ ಸೊನ್ನೆಯ ಅರ್ಧವೂ ಸೊನ್ನೆಯೇ. ಇಲ್ಲಿ ಮಾತ್ರ ಅದಕ್ಕೆ ಬೆಲೆ ಉಂಟು, ಅದೂ ದುಬಾರಿ ಬೆಲೆ. ಈ ಅಳತೆಯಲ್ಲಿ ನಿಜವಾದ ವಸ್ತುವಿನ ಎಂಬತ್ತೇಳನೆಯ ಒಂದು ಪಾಲಿನ ಗಾತ್ರದಲ್ಲಿ ಎಲ್ಲವನ್ನೂ ಮಾಡುತ್ತಾರೆ. ಹಳಿಯ ಅಗಲ 16.5 ಮಿಲಿಮೀಟರು. ಯೂರೋಪಿನ ಹಳಿ 1435 ಮಿಲಿಮೀಟರು, ಆದ್ದರಿಂದ ಅವರಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676. ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ ಬರಬೇಕು. ಹದಿನಾರೂವರೆಯ ಹಳಿಯ ಮೇಲೆ ನಮ್ಮ ಬೋಗಿಯನ್ನು ನಿಲ್ಲಿಸಿದರೆ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ.

ನನಗೆ ಬೇಕಾದದ್ದು ಬ್ರಾಡ್‌ಗೇಜೂ ಅಲ್ಲ. ನಮ್ಮ ಊರು ಹಾಸನದ ಹತ್ತಿರ, ತಾಯಿಯ ತವರು ಪುತ್ತೂರು. ನಡುವೆ ಇರುವುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯ ಹಳಿ: 55 ಕಿಲೋಮೀಟರು, 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ, ಐವತ್ತು ಅಡಿಗೆ ಒಂದಡಿಯ ಏರು. ಈಗ ಅಲ್ಲಿ ಗಾಜಿನ ಸೂರಿನ ವಿಸ್ಟಾಡೋಮ್ ಬೋಗಿಯಲ್ಲಿ ಕುಳಿತು ಜನ ಫೋಟೋ ತೆಗೆಯುತ್ತಾರೆ. ನಾನು ಚಿಕ್ಕವನಾಗಿದ್ದಾಗ ಅದು ಮೀಟರ್‌ಗೇಜ್. ಆ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಬ್ರಾಡ್‌ಗೇಜ್ ಮಾಡುವುದಕ್ಕಾಗಿ ಮುಚ್ಚಿದ್ದು 1996ರಲ್ಲಿ. ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಅಷ್ಟು ಬೆಟ್ಟ ಕೊರೆದು ಹಾಕಿದ ಆ ಪುಟ್ಟ ಹಳಿ ಬದುಕಿದ್ದು ಹದಿನೇಳೇ ವರ್ಷ. ಅದರ ಮೇಲೆ ಹೋದವರಿಗೆ ಇನ್ನೂ ನೆನಪಿದೆ. ಹೋಗದವರಿಗೆ ತೋರಿಸೋಣವೆಂದರೆ ಅದು ಇಲ್ಲ. ಕಟ್ಟುವುದಾದರೆ ಅದನ್ನೇ ಕಟ್ಟಬೇಕೆಂದು ನಿಶ್ಚಯಿಸಿದೆ.

ಮೀಟರ್‌ಗೇಜ್ ಎಂದರೆ ಹೆಸರೇ ಹೇಳುವಂತೆ ಸಾವಿರ ಮಿಲಿಮೀಟರು. ಪೇಟೆಯಲ್ಲಿ ಸುಲಭವಾಗಿ ಸಿಗುವ ಚಿಕ್ಕ ಹಳಿ 9 ಮಿಲಿಮೀಟರಿನದು. ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ ನೂರಹನ್ನೊಂದು. ಹಾಗಾಗಿ ನನ್ನ ಪ್ರಪಂಚ ನೂರಹನ್ನೊಂದರಲ್ಲಿ ಒಂದು ಪಾಲು. ಈ ಅಳತೆಯ ಸಾಮಾನು ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಮನುಷ್ಯನಿಂದ ಹಿಡಿದು ಮಣ್ಣಿನ ಹೂಜಿಯವರೆಗೆ ಎಲ್ಲವನ್ನೂ ಕೈಯಲ್ಲೇ ಮಾಡಬೇಕಾಯಿತು. ಅದು ಕಷ್ಟವಲ್ಲ. ಕಷ್ಟ ಬೇರೆ ಇತ್ತು. ಐವತ್ತೈದು ಕಿಲೋಮೀಟರನ್ನು ನೂರಹನ್ನೊಂದರಿಂದ ಭಾಗಿಸಿದರೆ 495 ಮೀಟರು. ನಮ್ಮ ಬಾಡಿಗೆ ಮನೆಯ ಉದ್ದನೆಯ ಗೋಡೆ ಹನ್ನೊಂದು ಅಡಿ. ಆ ಗೋಡೆಗೆ ಹಿಡಿಸುವುದು ಘಾಟಿಯ 372 ಮೀಟರು ಮಾತ್ರ. ಉಳಿದ ಐವತ್ತನಾಲ್ಕೂವರೆ ಕಿಲೋಮೀಟರನ್ನು ಬಿಡಬೇಕು. ಐವತ್ತೇಳು ಸುರಂಗಗಳಲ್ಲಿ ಯಾವ ಮೂರನ್ನು ಇಟ್ಟುಕೊಳ್ಳುವುದು? ಎಡಕುಮೇರಿಯ ಒಂಟಿ ನಿಲ್ದಾಣವೋ, ಸಕಲೇಶಪುರದ ದೊಡ್ಡ ನಿಲ್ದಾಣವೋ? ಈ ಹವ್ಯಾಸದಲ್ಲಿ ಕಟ್ಟುವುದಕ್ಕಿಂತ ಬಿಡುವುದೇ ಹೆಚ್ಚು. ಸಾಲದ ಅರ್ಜಿಗಳನ್ನು ತಿರಸ್ಕರಿಸುವ ಮ್ಯಾನೇಜರಿಗೂ ಇಷ್ಟು ಸಂಕಟವಾಗಲಾರದು.

ಮೊದಲನೆಯ ಲೇಔಟಿನ ಕತೆ ದುಃಖದ್ದು. ಆಗ ನಾವು ಲಕ್ಷ್ಮೀನಗರದಲ್ಲಿ ಮೂರನೆಯ ಮಹಡಿಯಲ್ಲಿದ್ದೆವು. ಕೀರ್ತಿನಗರದಿಂದ ಎಂಟಕ್ಕೆ ನಾಲ್ಕರ ಪ್ಲೈವುಡ್ ತಂದು, ಕೋಣೆಯೊಳಗೇ ಚೌಕಟ್ಟು ಹೊಡೆದು, ಅದರ ಮೇಲೆ ಗುಡ್ಡ ಎಬ್ಬಿಸಿದೆ. ಹಳಿಯನ್ನು ಒಂದು ಸುತ್ತು ತಿರುಗಿಸಿ ಬಂದ ದಾರಿಗೇ ಕೂಡಿಸಿದೆ. ಸ್ವಿಚ್ ಒತ್ತಿದೆ, ಪಟ್ ಎಂದು ಎಲ್ಲ ಆರಿತು. ಈ ರೈಲುಗಳು ಹನ್ನೆರಡು ವೋಲ್ಟಿನ ವಿದ್ಯುತ್ತಿನಿಂದ ಓಡುತ್ತವೆ. ಒಂದು ಹಳಿ ಧನ, ಒಂದು ಋಣ. ಹಾಗೆ ತಿರುಗಿಸಿ ಕೂಡಿಸಿದರೆ ಎಡಹಳಿ ಹೋಗಿ ಬಲಹಳಿಯನ್ನೇ ಮುಟ್ಟುತ್ತದೆ. ವೋಚರಿಲ್ಲದೆ ಜಮಾ ಮತ್ತು ಖರ್ಚು ಕೈಕೈ ಹಿಡಿದ ಹಾಗೆ. ಹಳಿಯನ್ನು ಎರಡು ಕಡೆ ಕತ್ತರಿಸಿ, ನಡುವಣ ತುಂಡಿಗೆ ಬೇರೆ ಸ್ವಿಚ್ಚು ಹಾಕಬೇಕೆಂದು ಭಗೀರಥ ಪ್ಯಾಲೇಸಿನ ಅಂಗಡಿಯ ಮುದುಕರೊಬ್ಬರು ಎರಡು ನಿಮಿಷದಲ್ಲಿ ಹೇಳಿಕೊಟ್ಟರು.

ಜನವರಿಯ ಚಳಿಯಲ್ಲಿ ಹಳಿಯ ತುಂಡುಗಳನ್ನು ಒಂದಕ್ಕೊಂದು ಒತ್ತಿ, ಸಂದು ಕಾಣದ ಹಾಗೆ ಬಿಗಿದಿದ್ದೆ. ನೋಡಲು ಚೆನ್ನಾಗಿತ್ತು. ಮೇ ತಿಂಗಳ ಮಧ್ಯಾಹ್ನ ಬ್ಯಾಂಕಿನಿಂದ ಬಂದು ನೋಡಿದರೆ ಹಳಿ ಹಾವಿನ ಹಾಗೆ ಡೊಂಕಾಗಿ ಎದ್ದಿತ್ತು. ದೆಹಲಿಯ ಚಳಿಗೂ ಬಿಸಿಲಿಗೂ ನಡುವೆ ಮೂವತ್ತೈದು ಡಿಗ್ರಿ ಅಂತರ. ಹನ್ನೊಂದು ಅಡಿ ಹಳಿ ಅಷ್ಟಕ್ಕೆ ಸುಮಾರು ಎರಡು ಮಿಲಿಮೀಟರು ಹಿಗ್ಗುತ್ತದೆ. ನಿಜವಾದ ರೈಲ್ವೆಯವರು ಹಳಿಗಳ ನಡುವೆ ಸಂದು ಬಿಡುತ್ತಿದ್ದದ್ದು ಏಕೆ, ನಮಗೆಲ್ಲ ಜೋಗುಳವಾಗಿದ್ದ ಆ ‘ಟಡಕ್ ಟಡಕ್’ ಬಂದದ್ದು ಎಲ್ಲಿಂದ ಎಂದು ನನಗೆ ಗೊತ್ತಾದದ್ದು ಅಂದು.

ಅದನ್ನು ರಿಪೇರಿ ಮಾಡಿ ಮುಗಿಸುವ ಹೊತ್ತಿಗೆ ಹನ್ನೊಂದು ತಿಂಗಳ ಕರಾರೂ ಮುಗಿಯಿತು. ದೆಹಲಿಯ ಬಾಡಿಗೆ ಕರಾರಿನ ಹನ್ನೊಂದು ತಿಂಗಳು ತಮಗೆಲ್ಲ ಗೊತ್ತಿದ್ದದ್ದೇ. ಮನೆಯ ಮಾಲಿಕರ ಮಗನಿಗೆ ಮದುವೆ, ಮನೆ ಬೇಕು ಎಂದರು. ಹೊರಡುವ ದಿನ ಲೇಔಟು ಬಾಗಿಲಲ್ಲಿ ಹಿಡಿಸಲಿಲ್ಲ. ಹಿಡಿಸುವುದು ಹೇಗೆ? ಅದು ಒಳಗೇ ಹುಟ್ಟಿದ್ದು! ಓರೆ ಮಾಡಿದೆವು, ನಿಲ್ಲಿಸಿದೆವು, ಬಾಗಿಲನ್ನೇ ಕಳಚಿದೆವು. ಕೊನೆಗೆ ಕೂಲಿಯವನು ಗರಗಸ ತಂದ. ನಿಲ್ದಾಣದ ನಡುವೆ, ಟಿಕೇಟಿನ ಕಿಟಕಿಯ ಮೇಲೇ ಗರಗಸ ಹಾಯಿತು. ನಾನು ಮಹಡಿಯ ಮೆಟ್ಟಿಲ ಮೇಲೆ ಹೋಗಿ ಕುಳಿತೆ. ನನ್ನ ಹೆಂಡತಿ, ಇಷ್ಟು ದಿನ ಆ ಹಲಗೆಯನ್ನು ಸವತಿ ಎಂದು ಕರೆಯುತ್ತಿದ್ದವಳು, ಒಳಗೆ ನಿಂತು ‘ನೋಡಿ ಕೊಯ್ಯಿ, ಸೇತುವೆ ಮುಟ್ಟಬೇಡ’ ಎಂದು ತನ್ನ ಹರಕು ಹಿಂದಿಯಲ್ಲಿ ಅವನಿಗೆ ಹೇಳುತ್ತಿದ್ದಳು.

ಅಮೆರಿಕದಲ್ಲಿ ಜಾನ್ ಆಲೆನ್ ಎಂಬ ಮಹಾಶಯರಿದ್ದರು. ಈ ಕಲೆಯಲ್ಲಿ ಅವರನ್ನು ಮೀರಿಸಿದವರು ವಿರಳ. ತಮ್ಮ ಮನೆಯ ನೆಲಮಾಳಿಗೆಯಲ್ಲಿ ಅವರು ವರ್ಷಗಟ್ಟಲೆ ಕಟ್ಟಿದ ಬೆಟ್ಟಗಳು ನೆಲದಿಂದ ಸೂರಿನವರೆಗೆ ಇದ್ದವು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಅದಾದ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ನನ್ನದು ಅಂಥ ದೊಡ್ಡ ಕೃತಿಯಲ್ಲ, ಬೆಂಕಿಯೂ ಬೀಳಲಿಲ್ಲ. ಆದರೂ ಆ ರಾತ್ರಿ ವೈಶಾಲಿಯ ಹೊಸ ಮನೆಯಲ್ಲಿ, ಗಂಟುಮೂಟೆಗಳ ನಡುವೆ, ಅವರ ನೆನಪು ಬಂತು.

ಎರಡನೆಯ ಬಾರಿ ಕಟ್ಟುವಾಗ ಮೊದಲು ಅಳೆದದ್ದು ಗೋಡೆಯನ್ನಲ್ಲ, ಬಾಗಿಲನ್ನು. ಮೂವತ್ತಮೂರು ಅಂಗುಲ ಉದ್ದ, ಎರಡಡಿ ಅಗಲದ ನಾಲ್ಕು ತುಂಡುಗಳು. ನಡುವೆ ನಟ್ಟು ಬೋಲ್ಟು. ಘಾಟಿಯೇ ನನ್ನ ಕಷ್ಟಕ್ಕೆ ಒದಗಿತು. ಎರಡಡಿ ಹಲಗೆಯ ಮೇಲೆ ರೈಲು ತಿರುಗಬೇಕಾದರೆ ತಿರುವು ಬಹಳ ಚುರುಕಾಗಬೇಕು, ನೋಡಲು ಅಸಹ್ಯ. ಆದ್ದರಿಂದ ಆ ತಿರುವುಗಳನ್ನು ಎರಡು ಕೊನೆಗಳ ಗುಡ್ಡದೊಳಗೆ ಹುದುಗಿಸಿದೆ. ಗಾಡಿ ಮುಂಭಾಗದಲ್ಲಿ ಏರುತ್ತ ಬಂದು ಸುರಂಗ ಹೊಗುತ್ತದೆ. ಬೆಟ್ಟದ ಹಿಂದೆ ಯಾರಿಗೂ ಕಾಣದಂತೆ ಇಳಿದು ಆಚೆಯ ಸುರಂಗದಿಂದ ಬರುತ್ತದೆ. ನಾನು ಅದನ್ನು ಒಳಗೆ ಹದಿನೈದು ಸೆಕೆಂಡು ತಡೆದು ನಿಲ್ಲಿಸುತ್ತೇನೆ. ನೋಡುವವರು ಕತ್ತು ಚಾಚುತ್ತಾರೆ. ಆ ಹದಿನೈದು ಸೆಕೆಂಡಿನಲ್ಲಿ ನನ್ನ ಘಾಟಿ ಎಷ್ಟೋ ಮೈಲಿ ಉದ್ದವಾಗುತ್ತದೆ.

ಸಾಮಗ್ರಿಯ ವಿಷಯ ಹೆಂಗಸರು ಕೇಳಿದ್ದರು. ಗುಡ್ಡಕ್ಕೆ ಪ್ಯಾಕಿಂಗಿನ ಥರ್ಮೊಕೋಲು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಅದ್ದಿದ ಹಳೆಯ ಪಂಚೆ. ಕೆಮ್ಮಣ್ಣಿಗೆ ಇಟ್ಟಿಗೆ ಪುಡಿ. ಕಾಡಿನ ನೆಲಕ್ಕೆ ಕಾಫಿಯ ಚರಟವನ್ನು ಬಿಸಿಲಲ್ಲಿ ಒಣಗಿಸಿ ಅಂಟಿಸಿದ್ದೇನೆ, ಐ.ಎನ್.ಎ. ಮಾರುಕಟ್ಟೆಯ ಕಾಫಿಪುಡಿ ಫಿಲ್ಟರಿನ ಮೂಲಕ ಹಾದು ಸಕಲೇಶಪುರವಾಗಿದೆ. ಮರಗಳಿಗೆ ಒಣಗಿದ ಹೀರೆಕಾಯಿಯ ನಾರು, ಅಡಕೆಯ ಸೋಗೆಗೆ ತೆಂಗಿನ ನಾರು. ಬೋಗಿಗಳಿಗೆ ಗಡುವು ಮುಗಿದ ಡೆಬಿಟ್ ಕಾರ್ಡುಗಳು, ನಮ್ಮವು ಮತ್ತು ನೆಂಟರವು. ಎರಡು ಕಾರ್ಡುಗಳನ್ನು ಉದ್ದಕ್ಕೆ ಜೋಡಿಸಿದರೆ 17 ಸೆಂಟಿಮೀಟರು. ಹೆಚ್ಚುಕಡಿಮೆ ಒಂದು ಮೀಟರ್‌ಗೇಜ್ ಬೋಗಿ. ಆ ಕಾಲದ ಇಟ್ಟಿಗೆ ಕೆಂಪು ಬಣ್ಣ ಎಲ್ಲೂ ಸರಿಯಾಗಿ ಸಿಗದೆ ಕೊನೆಗೆ ಮನೆಯೊಡತಿಯ ನೇಲ್ ಪಾಲಿಶಿನಲ್ಲಿ ಸಿಕ್ಕಿತು. ಆಗ ಆಡಿದ ಮಾತುಗಳು ಈ ಸಭೆಗೆ ತಕ್ಕವಲ್ಲ.

ದೆಹಲಿಯ ಧೂಳು ಈ ರೈಲಿಗೆ ಪರಮಶತ್ರು. ಚಕ್ರಕ್ಕೂ ಹಳಿಗೂ ನಡುವೆ ಒಂದು ಕಣ ಕೂತರೆ ವಿದ್ಯುತ್ತು ಹರಿಯದು, ಗಾಡಿ ಬಿಕ್ಕುತ್ತದೆ. ಜೂನ್ ತಿಂಗಳ ಆಂಧಿ ಬಂದು ಹೋದರೆ ಸ್ಪಿರಿಟ್ಟು ಬಟ್ಟೆ ಹಿಡಿದು ಇಡೀ ಹಳಿ ಒರೆಸಬೇಕು. ಆದರೆ ನವೆಂಬರಿನಲ್ಲಿ ಒಂದು ಅನುಕೂಲವೂ ಉಂಟು. ಹೊರದೇಶದವರು ಘಾಟಿಯ ಮಂಜನ್ನು ತೋರಿಸಲು ಯಂತ್ರ ಇಟ್ಟುಕೊಳ್ಳುತ್ತಾರಂತೆ. ನಾವು ಕಿಟಕಿ ತೆರೆದರೆ ಸಾಕು.

ಇನ್ನು ಹೇಳಬೇಕಾದದ್ದು ಒಂದೇ ವಿಷಯ. ಅದಕ್ಕಾಗಿಯೇ ಈ ಭಾಷಣ ಒಪ್ಪಿಕೊಂಡೆ.

ನನ್ನ ಘಾಟಿಯ ನಡುಮಧ್ಯದಲ್ಲಿ ಒಂದು ಜಲಪಾತ ಉಂಟು. ಸುರಂಗದಿಂದ ಹೊರಬಂದ ಗಾಡಿ ಸೇತುವೆ ಹತ್ತುತ್ತಲೇ ಎಡಗಡೆಗೆ ಬೆಳ್ಳಗೆ ಧುಮುಕುವ ಅಬ್ಬಿ. ನನ್ನ ಬಾಲ್ಯದ ನೆನಪುಗಳಲ್ಲಿ ಅದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಆರೇಳು ವರ್ಷದವನಿದ್ದಾಗ ತಾಯಿಯೊಡನೆ ರಾತ್ರಿಯ ಗಾಡಿಯಲ್ಲಿ ಪುತ್ತೂರಿಗೆ ಹೋದಾಗ ಕಂಡದ್ದು. ಯಾವ ಸುರಂಗ ಬಿಟ್ಟರೂ ಇದನ್ನು ಬಿಡಲಾರೆ ಎಂದು ಎಲ್ಲಕ್ಕಿಂತ ಮೊದಲು ಅದನ್ನೇ ಕಟ್ಟಿದೆ. ಮೂರು ಸಲ ಕಟ್ಟಿ ಕೆಡವಿ ನಾಲ್ಕನೆಯ ಸಲಕ್ಕೆ ಅದು ನನ್ನ ಮನಸ್ಸಿನಲ್ಲಿದ್ದಂತೆ ಬಂತು.

ಕಳೆದ ಚಳಿಗಾಲದಲ್ಲಿ ತಾಯಿ ಬಂದಿದ್ದರು. ದೀಪ ಆರಿಸಿ, ಮುಂದೆ ಕುರ್ಚಿ ಹಾಕಿ ಕೂರಿಸಿ, ಗಾಡಿ ಬಿಟ್ಟೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸಿ, ‘ಇದೆಂಥದು?’ ಎಂದರು.

‘ಅಬ್ಬಿ, ಅಮ್ಮ. ಆ ದಿನ ನೋಡಿದ್ದೆವಲ್ಲ, ಪುತ್ತೂರಿಗೆ ಹೋಗುವಾಗ.’

‘ನೀನು ಎಲ್ಲಿ ನೋಡಿದ್ದು ಮಾರಾಯ! ನೀನು ನನ್ನ ಮಡಿಲಲ್ಲಿ ಬಾಯಿ ತೆರೆದು ನಿದ್ದೆ. ಎದ್ದ ಮೇಲೆ ಘಾಟಿ ದಾಟಿತು ಅಂತ ಒಂದೇ ಅಳು. ಸುಮ್ಮನಿರು, ಒಂದು ದೊಡ್ಡ ಅಬ್ಬಿ ಇತ್ತು, ಹೀಗಿತ್ತು ಹಾಗಿತ್ತು ಅಂತ ನಾನು ಕತೆ ಹೇಳಿದ್ದು. ಹೊರಗೆ ಕತ್ತಲೆ. ನನಗೇ ಏನೂ ಕಂಡಿರಲಿಲ್ಲ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟೆಲಿಗ್ರಾಂ ಬಂದಿತ್ತಲ್ಲ, ಅಪ್ಪಯ್ಯ ಹೋದರು ಅಂತ. ರಾತ್ರಿಯಿಡೀ ಕೂತೇ ಇದ್ದೆ’ ಎಂದರು.

ಅಜ್ಜ ತೀರಿಕೊಂಡ ಪ್ರಯಾಣ ಅದೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ಅಳತೆಯಲ್ಲಿ ಅರ್ಧ ಮಿಲಿಮೀಟರು ತಪ್ಪಿದರೆ ನಿದ್ದೆಗೆಡುವ ನಾನು, ಇಲ್ಲದ ಅಬ್ಬಿಯನ್ನು ನಟ್ಟನಡುವೆ ಕಟ್ಟಿಕೊಂಡು ಕೂತಿದ್ದೆ. ಒಂದು ವಾರ ಅದರ ಕಡೆ ಹೋಗಲಿಲ್ಲ. ಕಿತ್ತು ಹಾಕಿಬಿಡೋಣ ಎಂದು ಒಂದು ರಾತ್ರಿ ಚಾಕು ಹಿಡಿದೂ ನಿಂತೆ. ಆದರೆ ನಮ್ಮ ಬ್ಯಾಂಕಿನ ಕಸುಬಿನಲ್ಲಿ ಒಂದು ನಿಯಮ ಉಂಟು. ತಪ್ಪು ನಮೂದನ್ನು ಕೆರೆದು ಅಳಿಸುವ ಹಾಗಿಲ್ಲ. ಅದನ್ನು ಇದ್ದಲ್ಲೇ ಬಿಟ್ಟು, ಎದುರು ನಮೂದು ಹಾಕಿ ಲೆಕ್ಕ ಸರಿಮಾಡಬೇಕು. ಲಾಜಪತ್ ರಾಯ್ ಮಾರ್ಕೆಟ್ಟಿನಿಂದ ಅಕ್ಕಿಕಾಳಿನಷ್ಟು ದೀಪವೊಂದನ್ನು ತಂದು ಮೂರನೆಯ ಬೋಗಿಯ ಒಂದು ಕಿಟಕಿಗೆ ಹಾಕಿದೆ. ಬಾಕಿ ಕಿಟಕಿಗಳೆಲ್ಲ ಕತ್ತಲು. ಅದರೊಳಗೆ ಹನ್ನೆರಡು ಮಿಲಿಮೀಟರಿನ ಒಬ್ಬಾಕೆ ಕುಳಿತಿದ್ದಾಳೆ, ಮಡಿಲಲ್ಲಿ ಹುಡುಗ. ಆಕೆಯ ಮುಖ ಹೊರಗಡೆಗೆ. ಅಬ್ಬಿ ಅದರ ಜಾಗದಲ್ಲೇ ಇದೆ.

ಇನ್ನೊಂದು ಸಂಗತಿ ಹೇಳಿ ಕುಳಿತುಕೊಳ್ಳುತ್ತೇನೆ. ನಾನು ಆಫೀಸರ್ ಪರೀಕ್ಷೆಗೆ ಎರಡು ಬಾರಿ ಅರ್ಜಿ ಹಾಕದೆ ಬಿಟ್ಟದ್ದು ನನ್ನ ಸಹೋದ್ಯೋಗಿಗಳಿಗೆ ಗೊತ್ತು. ಬಡ್ತಿ ಬಂದರೆ ವರ್ಗ, ವರ್ಗವಾದರೆ ಗರಗಸ ಎಂಬ ಭಯ. ಆಟದ ಸಾಮಾನಿಗಾಗಿ ಬಡ್ತಿ ಬಿಟ್ಟವನೆಂದು ಕ್ಯಾಂಟೀನಿನಲ್ಲಿ ಆಡಿಕೊಂಡರು. ಅದು ಸುಳ್ಳೂ ಅಲ್ಲ. ಮನೆಯಲ್ಲಿ ಆಡಿಕೊಳ್ಳಲಿಲ್ಲ, ಆದರೆ ಮಗಳ ಶಾಲೆಯ ಫೀಸು ಕಟ್ಟುವ ದಿನ ಹೆಂಡತಿ ಏನೂ ಮಾತನಾಡುತ್ತಿರಲಿಲ್ಲ. ಆಡಿಕೊಂಡಿದ್ದರೇ ಚೆನ್ನಾಗಿತ್ತು. ಈ ವರ್ಷ ಅರ್ಜಿ ತುಂಬಿ ಪರೀಕ್ಷೆ ಬರೆದಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ಬಂದರೆ ಗುವಾಹಟಿಯೋ ಗೋರಖಪುರವೋ, ಎಲ್ಲಾದರೂ ಸರಿ, ಹದಿನಾರು ಬೋಲ್ಟು ಬಿಚ್ಚಿದರೆ ಘಾಟಿ ನಾಲ್ಕು ಪೆಟ್ಟಿಗೆಯಾಗುತ್ತದೆ. ಇವತ್ತು ಬೆಳಿಗ್ಗೆ ವೈಶಾಲಿಯಿಂದ ‘ಛೋಟಾ ಹಾಥಿ’ಯಲ್ಲಿ ಇಲ್ಲಿಗೆ ತಂದದ್ದು ಒಂದು ರೀತಿಯಲ್ಲಿ ಅದರ ತಾಲೀಮೇ. ಒಂದು ಕೈಮರ ಮುರಿದಿದೆ, ಮಿಕ್ಕದ್ದೆಲ್ಲ ಕ್ಷೇಮ.

ಪಕ್ಕದ ಕೋಣೆಯಲ್ಲಿ ಜೋಡಿಸಿ ಇಟ್ಟಿದ್ದೇನೆ. ಕಾಫಿಯಾದ ಮೇಲೆ ದಯವಿಟ್ಟು ಎಲ್ಲರೂ ಬರಬೇಕು. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಗಾಡಿ ಸುರಂಗದಲ್ಲಿ ನಿಂತರೆ ಯಾರೂ ಕೈ ಹಾಕಬಾರದು. ಅದು ತಾನಾಗಿಯೇ ಬರುತ್ತದೆ. ಸೇತುವೆಯ ಮೇಲೆ ನಿಂತರೆ ಮಾತ್ರ ನನ್ನನ್ನು ಕೂಗಿ, ಅಲ್ಲಿ ಧೂಳು ಕೂತಿರುತ್ತದೆ.